ಪಾತಾಳದವನ ಎತ್ತರ

ಕಚೇರಿಯ ನೆಲಮಾಳಿಗೆಯಲ್ಲಿ ಕೂತು ಸಾಮಾನು ಕೊಠಡಿ ನೋಡಿಕೊಳ್ಳುವ ಒಬ್ಬ ಮನುಷ್ಯ ತನ್ನ ಜೀಪಿನ ಎತ್ತರ ಇಳಿಸುವುದಿಲ್ಲ ಎಂದು ಹಟ ಹಿಡಿದದ್ದರಿಂದ ಒಂದು ಕುಟುಂಬ, ಒಂದು ಬಡಾವಣೆ ಮತ್ತು ಒಂದು ಆಂಬುಲೆನ್ಸು ಹೇಗೆ ತೊಂದರೆಗೊಳಗಾದವು ಎಂಬುದನ್ನು ಯಾರಾದರೂ ಹೇಳಲೇಬೇಕು.

ಕಚೇರಿಯಲ್ಲಿ ಎಲ್ಲರೂ ಅವನನ್ನು ಪಾತಾಳ ಎನ್ನುತ್ತಿದ್ದರು. ಅವನ ಮೇಜಿನ ಎದುರಿಗಿದ್ದ ಕಿಟಕಿ ರಸ್ತೆಯ ಮಟ್ಟಕ್ಕಿತ್ತು. ಅದರಲ್ಲಿ ಕಾಣುತ್ತಿದ್ದುದು ಜನರ ಕಾಲುಗಳು ಮಾತ್ರ. ವರ್ಷಾನುಗಟ್ಟಲೆ ನೋಡಿ ನೋಡಿ ಪಾತಾಳನಿಗೆ ಯಾರ ಚಪ್ಪಲಿ ಎಲ್ಲಿ ಸವೆದಿದೆ, ಯಾರ ನಡಿಗೆ ಯಾವ ಕಡೆ ಎಳೆಯುತ್ತದೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಮೇಲಧಿಕಾರಿಯ ಬಲ ಚಪ್ಪಲಿಯ ಹಿಮ್ಮಡಿ ಹೊರಗಡೆಗೆ ಸವೆದಿದೆ ಎಂಬ ಸಂಗತಿ ಮೇಲಧಿಕಾರಿಯ ಹೆಂಡತಿಗೂ ತಿಳಿದಿರಲಿಲ್ಲ, ಪಾತಾಳನಿಗೆ ತಿಳಿದಿತ್ತು. ಇದರಿಂದ ಯಾರಿಗೂ ಉಪಯೋಗವಾಗಿರಲಿಲ್ಲ ಎಂಬುದು ಬೇರೆ ಮಾತು.

ಇಂಥವನು ಹಳೆಯ ಜೀಪೊಂದನ್ನು ಕೊಂಡು, ಅದಕ್ಕೆ ಹೊಸ ಪಟ್ಟಾ ಸ್ಪ್ರಿಂಗು ಕೂಡಿಸಿ, ಲಾರಿಗೆ ಹಾಕಬಹುದಾದಂಥ ಚಕ್ರ ಹಾಕಿಸಿ, ಇಡೀ ಗಾಡಿಯನ್ನು ಒಂದು ಗೇಣು ಮೇಲಕ್ಕೆತ್ತಿಸಿದ. ಬಂಡೆ, ಹಳ್ಳ, ಕೆಸರು ಹತ್ತಿ ಇಳಿಯುವವರು ಮಾಡಿಸುವ ಕೆಲಸ ಅದು. ಪಾತಾಳ ಹತ್ತಿ ಇಳಿಯುತ್ತಿದ್ದುದು ಕಚೇರಿಯ ಗೇಟಿನ ಉಬ್ಬನ್ನು ಮಾತ್ರ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಮೇಲಧಿಕಾರಿಯ ಕಾರಿನ ನೆತ್ತಿ ಅವನ ಮೊಣಕೈಯ ಕೆಳಗೆ ಬರುತ್ತಿತ್ತು. ಇದಕ್ಕೆ ಮನಶ್ಶಾಸ್ತ್ರದಲ್ಲಿ ಕಾರಣ ಹುಡುಕುವವರು ಹುಡುಕಿಕೊಳ್ಳಲಿ. ನಮಗೆ ಜೀಪಿನ ಕೆಳಗೆ ಬೇಕಾದಷ್ಟು ಕೆಲಸವಿದೆ.

ಜೀಪು ಹತ್ತಲು ಅವನ ಹೆಂಡತಿ ಚಕ್ರದ ಮೇಲೆ ಕಾಲಿಡಬೇಕಾಗುತ್ತಿತ್ತು. ಮಂಡಿ ಸವೆದ ಅತ್ತೆಗೆ ಒಂದು ಮರದ ಸ್ಟೂಲು. ಅತ್ತೆ ಮಗಳ ಮನೆಯಲ್ಲೇ ಇದ್ದರು. ತಿಂಗಳಿಗೊಮ್ಮೆ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಅವರ ಮಂಡಿಗೆ ಸೂಜಿ ಹಾಕಿಸಬೇಕಿತ್ತು. ಸ್ಟೂಲು ಜೀಪಿನ ಹಿಂದೆ ಸದಾ ಮಲಗಿರುತ್ತಿತ್ತು. ಅತ್ತೆ ಅದರ ಮೇಲೆ ಕಾಲಿಟ್ಟು ಹತ್ತುವುದನ್ನು ನೋಡಲು ಬಡಾವಣೆಯವರು ಬಾಗಿಲಿಗೆ ಬರುತ್ತಿದ್ದರು, ಬಂದು ನಗುತ್ತಲೂ ಇದ್ದರು. ಅತ್ತೆ ಮಾತ್ರ ಆ ಬಗ್ಗೆ ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ಅವರಿಗೆ ಅವಮಾನವಾಗುತ್ತಿದೆ ಎಂದು ಎಲ್ಲರೂ ತೀರ್ಮಾನಿಸಿದ್ದರು.

ಶಬ್ದ ಶುರುವಾದದ್ದು ಹೀಗೆ. ಗೇರು ಹಾಕಿ ಕ್ಲಚ್ಚು ಬಿಟ್ಟೊಡನೆ ಗಾಡಿಯ ಹೊಟ್ಟೆಯಲ್ಲಿ ಟಣ್ ಎನ್ನುವುದು. ಹಿಂದಕ್ಕೆ ತೆಗೆದು ಮುಂದಕ್ಕೆ ಹಾಕಿದರೆ ಮತ್ತೆ ಟಣ್. ಓಡತೊಡಗಿದ ಮೇಲೆ ಚೀಕ್ ಚೀಕ್. ಬಡಾವಣೆಯ ಸಂಘದ ಕಾರ್ಯದರ್ಶಿ ಇದೇನು ಶಬ್ದ ಎಂದು ಕೇಳಿದಾಗ ಪಾತಾಳ ನನಗೂ ಗೊತ್ತಿಲ್ಲ ಎಂದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಕಿಟಕಿಯಿಂದ ಮೊಣಕೈ ಹೊರಚಾಚಿ, ಎತ್ತರದ ಗಾಡಿಗಳಲ್ಲಿ ಸ್ಪ್ರಿಂಗು ಹದಕ್ಕೆ ಬರುವಾಗ ಈ ನಾದ ಬಂದೇ ಬರುತ್ತದೆ, ಬರದಿದ್ದರೆ ಕೆಲಸ ಸರಿಯಾಗಿಲ್ಲ ಎಂದು ಅರ್ಥ ಎಂದ. ಕಾರ್ಯದರ್ಶಿ ತಲೆಯಾಡಿಸಿದರು. ಅಂದಿನಿಂದ ಬಡಾವಣೆಯಲ್ಲಿ ಆ ಶಬ್ದಕ್ಕೆ ನಾದ ಎಂಬ ಹೆಸರೇ ನಿಂತಿತು. ಬೆಳಗ್ಗೆ ಟಣ್ ಕೇಳಿದೊಡನೆ ಮಕ್ಕಳು ಶಾಲೆಯ ಚೀಲ ಹೆಗಲಿಗೇರಿಸುತ್ತಿದ್ದರು.

ನಾದ ಹದಕ್ಕೆ ಬರಲಿಲ್ಲ. ಬೆಳೆಯಿತು.

ಇಲ್ಲಿ ಹೆಂಡತಿಯ ಅಣ್ಣನನ್ನು ಪರಿಚಯಿಸಬೇಕು. ಅವರು ವಿಮಾ ಕಂಪನಿಯ ಸರ್ವೇಯರ್. ಅಪಘಾತವಾದ ವಾಹನಗಳನ್ನು ಅಳೆದು, ಫೋಟೋ ತೆಗೆದು, ಎಷ್ಟು ಹಾಳಾಗಿದೆ ಎಂದು ಷರಾ ಬರೆಯುವುದು ಅವರ ಉದ್ಯೋಗ. ಜೀವಮಾನದಲ್ಲಿ ಅವರು ಹತ್ತಿರದಿಂದ ನೋಡಿದ ಗಾಡಿಗಳೆಲ್ಲ ಆಗಲೇ ಸತ್ತವು. ಹೀಗಾಗಿ ಬದುಕಿರುವ ಗಾಡಿಗಳ ಬಗ್ಗೆ ಅವರಿಗೆ ನಂಬಿಕೆ ಇರಲಿಲ್ಲ. ತಾವು ಮಾತ್ರ ನೆಲಕ್ಕೆ ಹೊಟ್ಟೆ ತಾಗುವಂಥ ಒಂದು ನುಣುಪು ಕಾರಿನಲ್ಲಿ ಓಡಾಡುತ್ತಿದ್ದರು. ಪಾತಾಳನ ಜೀಪನ್ನು ಮೊದಲ ಸಲ ನೋಡಿದಾಗಲೇ, "ಭಾವ, ಇದು ಉರುಳೋ ಗಾಡಿ. ಎತ್ತರ ಇಳಿಸಿಬಿಡಿ" ಎಂದಿದ್ದರು.

"ಇಳಿಸಲ್ಲ ಭಾವ" ಎಂದಿದ್ದ ಪಾತಾಳ.

ಈ ಎರಡು ಮಾತುಗಳು ಆ ಮೇಲೆ ಪ್ರತಿ ಭೇಟಿಯಲ್ಲೂ, ಕುಶಲಪ್ರಶ್ನೆಯ ಜಾಗದಲ್ಲಿ, ವಿನಿಮಯವಾಗುತ್ತಿದ್ದವು.

ಕೊನೆಗೆ ಪಾತಾಳ ಗ್ಯಾರೇಜಿಗೆ ಹೋದ. ಅಲ್ಲಿನ ಮೇಸ್ತ್ರಿಯನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ರೋಗ ಹೇಳುವುದರಲ್ಲಿ ಅವನು ಪ್ರಸಿದ್ಧ. ಅವನ ಹೊಟ್ಟೆ ಯಾವ ಗಾಡಿಯ ಕೆಳಗೂ ಹೋಗುತ್ತಿರಲಿಲ್ಲ, ಗ್ಯಾರೇಜಿನ ಗುಂಡಿಯಲ್ಲಿ ಹಳೆಯ ಟಯರು ತುಂಬಿತ್ತು. ಆದ್ದರಿಂದ ಜಗತ್ತಿನ ಎಲ್ಲ ರೋಗಗಳೂ ಬಾನೆಟ್ಟಿನ ಕೆಳಗೇ ಇರಬೇಕೆಂಬುದು ಅವನ ಸಿದ್ಧಾಂತ. ಮೊದಲು ಇಂಜಿನ್ ಕೂರುವ ರಬ್ಬರು ಬದಲಾಯಿಸಿದ. ಟಣ್. ಕ್ಲಚ್ಚು ಬಿಗಿಮಾಡಿದ. ಟಣ್. ಸೈಲೆನ್ಸರಿಗೆ ತಂತಿ ಕಟ್ಟಿದ. ಟಣ್, ಮತ್ತು ತಂತಿಯ ಸಣ್ಣ ಕಿಣಿಕಿಣಿ. ಕೊನೆಗೆ ಸ್ಕ್ರೂಡ್ರೈವರು ಜೇಬಿಗಿಟ್ಟುಕೊಂಡು, ಇಂಜಿನ್ನಿನಲ್ಲಿ ತಾನು ಕೇಳದ ಶಬ್ದ ಉಳಿದಿಲ್ಲ, ಇನ್ನು ಇರುವುದು ಒಂದೇ ದಾರಿ ಎಂದ.

"ಎತ್ತರ ಇಳಿಸಿಬಿಡಿ ಸಾರ್."

"ಯಾಕೆ?"

"ಎಲ್ಲಾರೂ ಹೇಳ್ತಿದಾರಲ್ಲ."

ಪಾತಾಳ ಮನೆಗೆ ಬಂದು ಅಂಗಿ ಕಳಚಿ ಜೀಪಿನ ಕೆಳಗೆ ನುಗ್ಗಿದ. ಎತ್ತರಿಸಿದ ಗಾಡಿಯ ಒಂದು ಅನುಕೂಲವೆಂದರೆ ಅದರ ಕೆಳಗೆ ಆರಾಮಾಗಿ ಮಲಗಬಹುದು. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿಗೆ ತಂದು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅಂಗಾತ ಬಿದ್ದುಕೊಂಡ. ಕೆಳಗಿನಿಂದ ನೋಡುವುದರಲ್ಲಿ ಅವನಿಗಿದ್ದಷ್ಟು ಸೇವಾನುಭವ ಆ ಊರಿನಲ್ಲಿ ಇನ್ನಾರಿಗೂ ಇರಲಿಲ್ಲ. ಗೇರ್‌ಪೆಟ್ಟಿಗೆಯಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ, ಅಂದರೆ ಶಾಫ್ಟು, ಅವನ ಮುಖದ ಮೇಲೆ ಹಾದುಹೋಗಿತ್ತು. ಎರಡೂ ತುದಿಯಲ್ಲಿ ಮಡಿಚುವ ಜಾಯಿಂಟು. ಎರಡೂ ಕೈಯಿಂದ ಶಾಫ್ಟನ್ನು ಹಿಡಿದು ಅತ್ತ ಇತ್ತ ತಿರುಚಿದ. ಶಾಫ್ಟು ಒಂದಿಷ್ಟು ತಿರುಗಿತು, ಆಕ್ಸಲು ಅಲುಗಲಿಲ್ಲ; ಇನ್ನಷ್ಟು ತಿರುಚಿದ ಮೇಲೆ ಟಕ್ ಎಂದು ಹಿಡಿದುಕೊಂಡಿತು. ಹಿಂದಿನ ಜಾಯಿಂಟಿನ ಸುತ್ತ ಕೆಂಪು ತುಕ್ಕಿನ ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಿ ಕೂತಿತ್ತು. ಮೇಲಧಿಕಾರಿಯ ಹಿಮ್ಮಡಿಯೂ ಹೀಗೇ ಸವೆದಿತ್ತು. ಪಾತಾಳ ಅಲ್ಲೇ ಮಲಗಿ, ಬಾಯಲ್ಲಿ ಟಾರ್ಚಿಟ್ಟುಕೊಂಡು, ಕಣ್ಣೆವೆ ಮುಚ್ಚದೆ, ಕದಲದೆ, ಬಹಳ ಹೊತ್ತು ಆ ಜಾಯಿಂಟನ್ನು ನೋಡಿದ.

ಆ ಹೊತ್ತಿಗೆ ಕಾರ್ಯದರ್ಶಿ ಅತ್ತ ಬಂದರು. ಅವರಿಗೆ ಕಂಡದ್ದು ಜೀಪಿನ ಕೆಳಗಿನಿಂದ ಹೊರಬಂದ ಎರಡು ಬರಿಗಾಲು. ಸಾರ್ ಎಂದು ಕೂಗಿದರು. ಬಾಯಲ್ಲಿ ಟಾರ್ಚಿದ್ದ ಮನುಷ್ಯ ಹೂಂ ಎಂದ. ಅದು ಕಾರ್ಯದರ್ಶಿಯ ಕಿವಿಗೆ ನರಳಿಕೆಯಂತೆ ಕೇಳಿಸಿತು. ಇನ್ನೊಮ್ಮೆ ಕೂಗಿದಾಗ, ಎರಡು ಸಲ ಉತ್ತರಿಸುವ ಅಗತ್ಯವಿಲ್ಲವೆಂದು ಪಾತಾಳ ಸುಮ್ಮನಿದ್ದ. ಅದರ ಅರ್ಥ ಕಾರ್ಯದರ್ಶಿಗೆ ಸ್ಪಷ್ಟವಾಯಿತು. ಅವರು ಓಡಿದರು. ನಾದ ನಾದ ಅಂತ ಕೊನೆಗೂ ಅವನನ್ನೇ ನುಂಗಿತು ಎಂದು ಮನೆಮನೆಗೆ ತಿಳಿಸಿ, ಆಂಬುಲೆನ್ಸಿಗೆ ಫೋನು ಮಾಡಿ, ಅನಂತರ ಸರ್ವೇಯರಿಗೆ ಫೋನು ಮಾಡಿದರು.

ಸರ್ವೇಯರು ಹತ್ತಿರದಲ್ಲೇ ಇದ್ದುದರಿಂದ ಆಂಬುಲೆನ್ಸಿಗಿಂತ ಮೊದಲೇ ಬಂದರು. ಅವರು ಅಳುತ್ತಲೇ ಬಂದರು ಎಂಬುದನ್ನು ಅವರ ಪರವಾಗಿ ದಾಖಲಿಸಬೇಕು. ಆದರೆ ಕೈ ಕಲಿತದ್ದನ್ನು ಬಿಡುವುದಿಲ್ಲ. ಅಳುತ್ತಲೇ ಕ್ಯಾಮೆರಾ ತೆಗೆದು ನಾಲ್ಕೂ ದಿಕ್ಕಿನಿಂದ ಫೋಟೋ ಹೊಡೆದರು. ಮೂಗೊರೆಸಿಕೊಂಡು ಜೇಬಿನಿಂದ ಟೇಪು ಎಳೆದು, ಚಕ್ರದಿಂದ ಹೆಬ್ಬೆರಳಿಗೆ ಇರುವ ದೂರ ಅಳೆಯಲು ಬಗ್ಗಿದರು. ಟೇಪಿನ ತಣ್ಣನೆಯ ತುದಿ ಅಂಗಾಲಿಗೆ ತಾಗಿದೊಡನೆ ಮೃತನಿಗೆ ಕಚಗುಳಿಯಾಗಿ ಕಾಲು ಝಾಡಿಸಿದ. ಒದೆ ಸರಿಯಾಗಿ ಕ್ಯಾಮೆರಾಕ್ಕೆ ಬಿತ್ತು. ಸುತ್ತ ನಿಂತಿದ್ದವರಲ್ಲಿ ಅರ್ಧ ಜನ ಓಡಿದರು.

ಪಾತಾಳ ಹೊರಗೆ ತೆವಳಿ ಬಂದ. ಮುಖದ ತುಂಬ ಕೆಂಪು ಪುಡಿ, ಬಾಯಲ್ಲಿ ಉರಿಯುವ ಟಾರ್ಚು. ಟಾರ್ಚು ತೆಗೆದು ಹೇಳಿದ:

"ಸಿಕ್ತು ಭಾವ. ಜಾಯಿಂಟು ಹೋಗಿದೆ."

ಅತ್ತದ್ದು ಎಲ್ಲರಿಗೂ ಕಂಡುಹೋದ ಮನುಷ್ಯನ ಸಿಟ್ಟು ಕೆಟ್ಟದ್ದು. ಬಂದ ಆಂಬುಲೆನ್ಸಿನವನಿಗೆ ಸಮಾಧಾನ ಹೇಳಿ ಕಳಿಸಿದ ಮೇಲೆ ಸರ್ವೇಯರು ಎಲ್ಲರೆದುರು ತೀರ್ಪು ಕೊಟ್ಟರು. ಭಾನುವಾರ ಅಮ್ಮನನ್ನು ಗುಡ್ಡದ ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಜೀಪು ಸದ್ದಿಲ್ಲದೆ, ಕುಲುಕದೆ ಅವರನ್ನು ಗುಡ್ಡ ಹತ್ತಿಸಿದರೆ ಸರಿ. ಇಲ್ಲದಿದ್ದರೆ ಅಮ್ಮ ಇನ್ನು ಮುಂದೆ ಕಾರಿನಲ್ಲೇ ಹೋಗುತ್ತಾರೆ, ಸೋಮವಾರ ತಾವೇ ನಿಂತು ಜೀಪಿನ ಎತ್ತರ ಇಳಿಸುತ್ತಾರೆ. ಹೆಂಡತಿ, ಒಪ್ಪಿಕೊಳ್ಳಿ ರೀ, ಮಾತು ಇಲ್ಲಿಗೇ ಮುಗಿಯಲಿ ಎಂದಳು. ಕಾರ್ಯದರ್ಶಿ ತಾವೇ ಸಾಕ್ಷಿ ಎಂದರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆಯನ್ನು ಯಾರೂ ಕೇಳಲಿಲ್ಲ.

"ಆಯ್ತು" ಎಂದ ಪಾತಾಳ. "ಗುಡ್ಡ ಹತ್ತಿಸ್ತೀನಿ. ಇಳಿಸಲ್ಲ."

ಸವೆದ ಜಾಯಿಂಟು ತೋರಿಸಿದಾಗ ಕಿವಿ ಮೇಸ್ತ್ರಿ, ತಾನು ಮೊದಲೇ ಹೇಳಿದ್ದು ಇದನ್ನೇ ಎಂದ. ಹೊರಗಿನಿಂದಲೇ ಬಗ್ಗಿ ಟಾರ್ಚು ಬಿಟ್ಟು ನೋಡಿ, ಗಾಡಿ ಎತ್ತಿಸಿದ ಮೇಲೆ ಆಕ್ಸಲಿನ ಮೂಗು ನೆಲ ನೋಡುತ್ತಿದೆ, ಶಾಫ್ಟು ಕತ್ತು ಸೊಟ್ಟ ಮಾಡಿಕೊಂಡೇ ತಿರುಗಬೇಕು, ಜಾಯಿಂಟು ಸವೆಯದೆ ಇನ್ನೇನಾಗುತ್ತದೆ ಎಂದೂ ಸೇರಿಸಿದ. ಇದು ಅವನು ಆ ವರ್ಷ ಹೇಳಿದ ಮೊದಲ ಸರಿಯಾದ ಮಾತು. ಎತ್ತರ ಇಳಿಸಿ ಎಂದು ಬಾಯಿ ತೆರೆದವನು ಪಾತಾಳನ ಮುಖ ನೋಡಿ ಮುಚ್ಚಿಕೊಂಡ. ಹಾಗಾದರೆ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಉಕ್ಕಿನ ಬೆಣೆ ಕೊಟ್ಟು ಮೂಗು ಮೇಲೆತ್ತಬೇಕು ಎಂದ. ಪಾತಾಳ ಬೆಣೆಯನ್ನೂ ಜಾಯಿಂಟಿನ ಹೊಸ ಭಾಗವನ್ನೂ ಕೊಂಡ. ಉಳಿದ ಕೆಲಸ ತಾನೇ ಮಾಡುತ್ತೇನೆ ಎಂದ. ಸ್ಕ್ರೂಡ್ರೈವರನ್ನು ಕಿವಿಗಿಡುವವನ ಕೈಗೆ ಮತ್ತೆ ಜೀಪು ಕೊಡುವಷ್ಟು ಅವನಿಗೆ ಮರೆವಿರಲಿಲ್ಲ.

ಶಾಫ್ಟು ಬಿಚ್ಚಿದ. ಅದು ಒಂದೇ ಕೊಳವೆಯಲ್ಲ. ಒಂದರೊಳಗೊಂದು ಜಾರಿ ಕೂರುವ ಎರಡು ತುಂಡು, ಒಳಗೆ ಹಲ್ಲು. ಯಾವ ಹಲ್ಲು ಯಾವುದರಲ್ಲಿತ್ತೋ ಅದರಲ್ಲೇ ಮತ್ತೆ ಕೂರಬೇಕು, ಆಗ ಮಾತ್ರ ಎರಡು ತುದಿಯ ಜಾಯಿಂಟುಗಳು ಒಂದೇ ಸಮ ತಿರುಗುತ್ತವೆ. ಈ ವಿಷಯ ಓದಿ ತಿಳಿದಿದ್ದ ಪಾತಾಳ ಹೆಂಡತಿಯ ಉಗುರುಬಣ್ಣ ತಂದು, ಎರಡೂ ತುಂಡಿನ ಮೇಲೆ ಸೇರುವಂತೆ ಒಂದು ಕೆಂಪು ಗೆರೆ ಎಳೆದ. ಆ ಮೇಲೆಯೇ ಎಳೆದು ಬೇರೆ ಮಾಡಿದ. ಇಷ್ಟು ಮುಂದಾಲೋಚನೆ ಅವನ ಬದುಕಿನಲ್ಲಿ ಹಿಂದೆಂದೂ ಕಂಡಿರಲಿಲ್ಲ. ಮುಂದೆಯೂ ಕಾಣುವ ಭರವಸೆಯಿಲ್ಲ.

ಜಾಯಿಂಟಿನ ಒಳಗಿರುವುದು ನಾಲ್ಕು ಕೈ ಚಾಚಿದ ಒಂದು ಕ್ರಾಸು. ಪ್ರತಿ ಕೈಗೂ ಒಂದು ಪುಟ್ಟ ಬಟ್ಟಲಿನ ಟೋಪಿ, ಟೋಪಿಯೊಳಗೆ ಸೂಜಿಯಂಥ ಬೇರಿಂಗುಗಳ ಸಾಲು. ಸ್ಪ್ರಿಂಗಿನ ಬಳೆಯಂಥ ಲಾಕು ತೆಗೆದು ಸುತ್ತಿಗೆಯಿಂದ ತಟ್ಟಿ ಬಟ್ಟಲು ಹೊರಡಿಸಿದಾಗ ಮೂರರಲ್ಲಿ ಸೂಜಿಗಳಿದ್ದವು. ನಾಲ್ಕನೆಯದರಲ್ಲಿ ಸೂಜಿಯ ಬದಲು ಕೆಂಪು ಹಿಟ್ಟಿತ್ತು. ಹೊಸ ಕ್ರಾಸು ಕೂಡಿಸುವಾಗ ಒಂದು ಸೂಜಿ ಅಡ್ಡ ಬಿದ್ದು ಬಟ್ಟಲು ಒಳಗೆ ಹೋಗಲೊಲ್ಲದು. ಬಿಚ್ಚಿ, ಗ್ರೀಸಿನಲ್ಲಿ ಅಂಟಿಸಿ, ಮತ್ತೆ ತಟ್ಟಿದ. ಲಾಕು ಹಾರಿ ಕಾರ್ಯದರ್ಶಿಯ ಮನೆಯ ಹೂಕುಂಡದಲ್ಲಿ ಬಿತ್ತು. ಅದನ್ನು ಹುಡುಕಲು ಹೋದಾಗ ಅವರು ಕಾಂಪೌಂಡಿನೊಳಗೆ ಬಂದ ಕಾರಣವನ್ನು ವಿಧಿವತ್ತಾಗಿ ಕೇಳಿದರು. ಅಂತೂ ಕ್ರಾಸು ಕೂತಿತು. ಬೆರಳಿನಿಂದ ತಳ್ಳಿದರೆ ಬೆಣ್ಣೆಯಂತೆ ಆಡಿತು. ಶಾಫ್ಟಿನ ಎರಡೂ ತುಂಡುಗಳನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು, ಬೆಣೆಗಳನ್ನು ಆಕ್ಸಲಿಗೆ ಕೂಡಿಸಲು ಮುಂಬಾಗಿಲಿಗೆ ಹೋದ.

ಅವನು ಅತ್ತ ಹೋದ, ಅತ್ತೆ ಇತ್ತ ಬಂದರು. ಅವರಿಗೆ ಜಿಡ್ಡು ಕಂಡರಾಗದು. ಪಾತ್ರೆಯ ತಳ, ಸ್ಟೌವಿನ ಬೆನ್ನು, ಬಾಗಿಲ ಚಿಲಕ, ಜಿಡ್ಡು ಎಲ್ಲಿದ್ದರೂ ಹೋಗಲೇಬೇಕು. ಅಳಿಯ ಮುಂಬಾಗಿಲಲ್ಲಿ ನಟ್ಟು ಬಿಗಿಯುವಷ್ಟರಲ್ಲಿ ಪಾತ್ರೆಪುಡಿ, ನಾರು, ಬಿಸಿನೀರು ಮೂರನ್ನೂ ಸೇರಿಸಿ ಎರಡು ತುಂಡುಗಳನ್ನೂ ತಿಕ್ಕಿ, ತೊಳೆದು, ಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟರು. ಪಾತಾಳ ಬಂದು ನೋಡಿದಾಗ ಶಾಫ್ಟಿನಲ್ಲಿ ಮುಖ ಕಾಣುತ್ತಿತ್ತು. ಕಂಡ ಮುಖ ಬಿಳಿಚಿತ್ತು. ಕೆಂಪು ಗೆರೆ ಎಲ್ಲೂ ಇರಲಿಲ್ಲ.

"ಚೆನ್ನಾಗಾಗಿದೆಯಾ ಅಳಿಯಂದ್ರೆ?" ಎಂದರು ಅತ್ತೆ.

"ಬಹಳ ಚೆನ್ನಾಗಾಗಿದೆ ಅತ್ತೆ" ಎಂದ ಪಾತಾಳ. ಅತ್ತೆಗೆ ಬೇರೆ ಉತ್ತರ ಕೊಟ್ಟ ಅಳಿಯಂದಿರು ಇರಬಹುದು, ನಮಗೆ ಅವರ ಪರಿಚಯವಿಲ್ಲ.

ಅಂದಾಜಿನಲ್ಲಿ ಕೂಡಿಸಿದ. ಭಾನುವಾರ ಬೆಳಗ್ಗೆ ಪರೀಕ್ಷೆಗೆಂದು ಹೆಂಡತಿಯನ್ನು ಪಕ್ಕಕ್ಕೆ, ಅತ್ತೆಯನ್ನು ಹಿಂದಕ್ಕೆ ಕೂರಿಸಿ ಹೊರಟ. ಟಣ್ ಇರಲಿಲ್ಲ. ಚೀಕ್ ಇರಲಿಲ್ಲ. ಪಾತಾಳ ಮೊಣಕೈ ಹೊರಚಾಚಿದ. ತಿರುವು ದಾಟಿ ವೇಗ ಹಿಡಿದೊಡನೆ ಜೀಪು ನಡುಗತೊಡಗಿತು. ಕನ್ನಡಿ ತಾನಾಗಿ ತಿರುಗಿ ಆಕಾಶ ನೋಡಿತು. ಹಿಂದೆ ಸ್ಟೂಲು ಎದ್ದು ನಿಂತು ಕುಣಿಯಿತು. ಹೆಂಡತಿ ಏನೋ ಬೈದಳು, ಆದರೆ ಅಕ್ಷರಗಳು ಒಂದೊಂದಾಗಿ ಉದುರಿದ್ದರಿಂದ ಏನೆಂದು ತಿಳಿಯಲಿಲ್ಲ. ನಡೆಯುವ ವೇಗಕ್ಕಿಳಿಸಿ ಮನೆಗೆ ತಂದು ನಿಲ್ಲಿಸಿದಾಗ ಬಾಗಿಲಲ್ಲಿ ನುಣುಪು ಕಾರು ನಿಂತಿತ್ತು. ಸರ್ವೇಯರು ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರು. ಪಕ್ಕದಲ್ಲಿ ಕಾರ್ಯದರ್ಶಿ, ಸಾಕ್ಷಿಯಾಗಿ.

ಸರ್ವೇಯರು ಕಾರಿನ ಬಾಗಿಲು ತೆರೆದು, "ಬಾಮ್ಮಾ" ಎಂದರು.

ಅತ್ತೆ ಕಾಲಿನಿಂದ ಒಂದಿಷ್ಟು ತಡಕಿ, ಸ್ಟೂಲಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲಿಟ್ಟು ಇಳಿದರು. ಆ ಸ್ಟೂಲಿನ ಮೇಲೇ ಕೂತರು.

"ನಾನು ಆ ಕಾರಲ್ಲಿ ಬರಲ್ಲ."

"ಯಾಕಮ್ಮಾ?"

"ಹಿಂದೊಂದು ಸಲ ಹತ್ತಿದ್ದಕ್ಕೆ ಆಸ್ಪತ್ರೆ ಬಾಗಿಲಲ್ಲಿ ನನ್ನನ್ನ ಅದರಿಂದ ಹೊರಗೆ ತೆಗೆಯಕ್ಕೆ ನೀನು, ಕಾವಲಿನೋನು, ಇನ್ನೊಬ್ಬ ಯಾವನೋ ರೋಗಿ, ಮೂರು ಜನ ಬೇಕಾಯ್ತು. ಬಾವಿಗೆ ಬಿದ್ದ ಬಿಂದಿಗೆ ಎಳೆದ ಹಾಗೆ ಎಳೆದ್ರಿ. ಆ ರೋಗಿ ನನಗಿಂತ ಮುದುಕ. ಇದರಲ್ಲಿ ನಾನು ಹತ್ತಬೇಕಾದಾಗ ಹತ್ತತೀನಿ, ಇಳಿಯಬೇಕಾದಾಗ ಇಳಿತೀನಿ. ಯಾರೂ ನನ್ನ ಕಂಕುಳಿಗೆ ಕೈ ಹಾಕಲ್ಲ."

ಬಡಾವಣೆ ಇಷ್ಟು ದಿನ ಅವಮಾನ ಎಂದುಕೊಂಡಿದ್ದು ಅದಾಗಿರಲಿಲ್ಲ. ಸರ್ವೇಯರು, ಆದರೆ ಗಾಡಿ ನಡುಗುತ್ತಿದೆಯಲ್ಲ ಎಂದರು. ಹೆಂಡತಿಗೆ ತಡೆಯಲಾಗಲಿಲ್ಲ, ಗುರುತಿಗೆ ಎಳೆದ ಗೆರೆ ಅಳಿಸಿಹೋಗಿದ್ದು, ಹಲ್ಲು ತಪ್ಪಿ ಕೂತದ್ದು ಎಲ್ಲವನ್ನೂ ಹೇಳಿ, ಅಳಿಸಿದ್ದು ಯಾರು ಎಂಬಲ್ಲಿಗೆ ಬಂದು ನಿಲ್ಲಿಸಿದಳು. ಎಲ್ಲರೂ ಅತ್ತೆಯನ್ನು ನೋಡದೆ ಇರಲು ಪ್ರಯತ್ನಿಸಿದರು.

"ಕೆಂಪು ಗೆರೆಯಾ?" ಎಂದರು ಅತ್ತೆ. "ಉದ್ದ ತುಂಡಲ್ಲಿ ಒಂದು ಚೌಕದ ತಗಡು ಅಂಟಿಸಿದೆ ನೋಡಿ, ಅದರ ಬಾಲದ ಹಾಗಿತ್ತು ಗೆರೆ. ಆ ತಗಡೇ ನನ್ನ ನಾರು ಕಿತ್ತಿದ್ದು. ಗಿಡ್ಡ ತುಂಡಲ್ಲಿ ಗ್ರೀಸು ಹೊಡೆಯೋ ಮೂತಿ ಇದೆಯಲ್ಲ, ಅದರ ಮಗ್ಗುಲಲ್ಲೇ ಇತ್ತು, ಎಡಕ್ಕೆ. ಎಷ್ಟು ತಿಕ್ಕಿದ್ರೂ ಹೋಗಲಿಲ್ಲ. ಆಮೇಲೆ ಚಾಕು ತಗೊಂಡೆ."

ಯಾವ ಕಲೆ ಎಲ್ಲಿತ್ತು ಎಂಬುದು ತಿಕ್ಕಿದವರಿಗೆ ಮರೆಯುವುದಿಲ್ಲ. ಪಾತಾಳ ಆಗಲೇ ಜೀಪಿನ ಕೆಳಗಿದ್ದ. ಶಾಫ್ಟಿನ ತೂಕ ಹಿಡಿಯಲು ಇನ್ನೊಬ್ಬರು ಬೇಕು ಎಂದು ಒಳಗಿನಿಂದ ಕೂಗಿದ. ಕಾರ್ಯದರ್ಶಿ, ತಾವು ಸಾಕ್ಷಿ, ಕೈ ಹಾಕುವಂತಿಲ್ಲ ಎಂದು ನಿಯಮ ಹೇಳಿ, ಸ್ನಾನ ಮುಗಿಸಿ ಬರುತ್ತೇನೆಂದು ಹೊರಟರು. ಅತ್ತೆ ಮಗನನ್ನು ನೋಡಿದರು. ಜೀವಂತ ಗಾಡಿಯ ಕೆಳಗೆ ಎಂದೂ ಹೋಗಿರದ ಸರ್ವೇಯರು ಇಸ್ತ್ರಿಯ ಅಂಗಿಯಲ್ಲಿ, ಚಪ್ಪಲಿ ಬಿಟ್ಟು, ಅಂಗಾತ ತೆವಳಿಕೊಂಡು ಒಳಗೆ ಹೋದರು. ಅಲ್ಲಿ ಏನು ಮಾತುಕತೆಯಾಯಿತೋ ಪೂರ್ತಿ ತಿಳಿಯದು. ಹಿಡೀರಿ ಭಾವ, ಬಿಡ್ರಿ ಭಾವ, ಅದು ನನ್ನ ಬೆರಳು ಭಾವ ಎಂಬಷ್ಟು ಮಾತ್ರ ಹೊರಗೆ ಕೇಳಿಸಿತು. ತಗಡಿನ ಬಾಲ ಮೂತಿಯ ಎಡಕ್ಕೆ ಬಂತು. ಹಲ್ಲು ಹಲ್ಲಿಗೆ ಜಾರಿತು. ನೋಡಿದರೆ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿಯುವ ಕವಲುಗಳೂ ಒಂದೇ ನೇರಕ್ಕಿದ್ದವು.

ಸ್ನಾನ ಮುಗಿಸಿ ಬಂದ ಕಾರ್ಯದರ್ಶಿಗೆ ಕಂಡದ್ದು ಜೀಪಿನ ಕೆಳಗಿನಿಂದ ಹೊರಬಂದ ನಾಲ್ಕು ಬರಿಗಾಲು. ಅವರು ಈ ಸಲ ಕೂಗಲಿಲ್ಲ, ಕೇಳಲಿಲ್ಲ. ನೇರ ಮನೆಗೆ ಹೋಗಿ ಫೋನೆತ್ತಿಕೊಂಡು, ಈಗ ಇಬ್ಬರೂ ಹೋದರು ಎಂದರು. ಆಂಬುಲೆನ್ಸಿನವನು ವಿಳಾಸ ಕೇಳಿದೊಡನೆ ಫೋನು ಇಟ್ಟನಂತೆ.

ಗುಡ್ಡದ ರಸ್ತೆ ಮೇಲೆ ಮೇಲೆ ಸುತ್ತಿಕೊಂಡು ಹೋಗುತ್ತದೆ. ಜೀಪು ಹತ್ತಿತು. ಟಣ್ ಇಲ್ಲ, ಚೀಕ್ ಇಲ್ಲ, ನಡುಕವಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ಕೈಕಟ್ಟಿ ಕೂತು, ಎದುರಾದ ಕಾರುಗಳ ನೆತ್ತಿಯ ಮೇಲೆ ಎಷ್ಟು ಧೂಳಿದೆ ಎಂದು ಮಗಳಿಗೆ ಹೇಳುತ್ತ ಬಂದರು. ನುಣುಪು ಕಾರು ಹಿಂದೆ ಹಿಂದೆಯೇ ಬಂತು. ಆಸ್ಪತ್ರೆಯ ಗೇಟಿನ ಉಬ್ಬಿನಲ್ಲಿ ಅದರ ಹೊಟ್ಟೆ ಕರ್ರೆಂದು ಉಜ್ಜಿತು. ಯಾರೂ ತಿರುಗಿ ನೋಡಲಿಲ್ಲ. ಅದು ಸೌಜನ್ಯವಲ್ಲ, ನಗು ತಡೆದುಕೊಳ್ಳುತ್ತಿದ್ದರು.

ಸರ್ವೇಯರು ಇಳಿದು ಜೀಪಿನ ಹತ್ತಿರ ಬಂದರು. ಬೆನ್ನ ತುಂಬ ಗ್ರೀಸು. ಸೋಲನ್ನು ಅರ್ಧಕ್ಕೆ ಒಪ್ಪಿಕೊಳ್ಳುವ ದಾರಿಯೊಂದು ಅವರಿಗೆ ಹೊಳೆದಿತ್ತು.

"ಪರವಾಗಿಲ್ಲ ಭಾವ, ಸದ್ದು ನಿಂತಿದೆ. ನನ್ನ ಮಾತಿಗೆ ಬೆಲೆ ಕೊಟ್ಟು ಒಂದಿಷ್ಟು ಇಳಿಸಿದೀರಿ ಅಂತ ಕಾಣುತ್ತೆ. ಎಷ್ಟು ಇಳಿಸಿದ್ರಿ?"

"ಇಳಿಸಿಲ್ಲ. ಬೆಣೆ ಕೂಡಿಸಿದ ಮೇಲೆ ಕಾಲು ಇಂಚು ಏರಿದೆ."

ಸರ್ವೇಯರು ತಂಗಿಯನ್ನು ನೋಡಿದರು. ತಂಗಿ ಆಸ್ಪತ್ರೆಯ ಬೋರ್ಡು ಓದುತ್ತಿದ್ದಳು. ಆಗ ಮೇಲಿನಿಂದ ಅತ್ತೆಯ ಕಾಲು ಕೆಳಗಿಳಿದು, ಸ್ಟೂಲಿಗಾಗಿ ಗಾಳಿಯಲ್ಲಿ ಹುಡುಕಿ, ಎಟುಕದೆ ನಿಂತಿತು.

"ಅದಕ್ಕೇ ನೋಡು, ಬೆಳಗ್ಗೆಯಿಂದ ಸರಿಯಾಗಿ ಎಟುಕ್ತಿಲ್ಲ" ಎಂದರು ಅತ್ತೆ. "ಸ್ಟೂಲಿಗೆ ಅಡಿಯಿಂದ ಒಂದು ಹಲಗೆ ಹೊಡೀಬೇಕು. ಅಳತೆ ತಗೊಳೋ. ಟೇಪು ನಿನ್ನ ಜೇಬಲ್ಲೇ ಇರುತ್ತಲ್ಲ."

ಆಸ್ಪತ್ರೆಯ ಬಾಗಿಲಲ್ಲಿ, ಹೋಗುವವರು ಬರುವವರು ನೋಡುತ್ತಿರುವಂತೆ, ಸರ್ವೇಯರು ಮಂಡಿಯೂರಿ ಟೇಪು ಎಳೆದರು. ಪಾತಾಳ ಸ್ಟಿಯರಿಂಗಿನ ಹಿಂದೆ ಮೊಣಕೈ ಹೊರಚಾಚಿ ಕೂತಿದ್ದ. ಅಲ್ಲಿಂದ ಭಾವನ ನೆತ್ತಿ ಚೆನ್ನಾಗಿ ಕಾಣುತ್ತಿತ್ತು. ಮಧ್ಯದಲ್ಲಿ ಕೂದಲು ಸವೆದಿತ್ತು.